ಪಾಪಕ್ಕೆ ಕ್ಷಮೆ ಉಂಟು, ಬಾಕಿಗೆ ಮನ್ನಾ ಇಲ್ಲ

ಮಾನ್ಯರೇ,

‘ಕ್ರೈಸ್ತರಿಗೇನು, ಭಾನುವಾರ ತಪ್ಪೊಪ್ಪಿಕೊಂಡು ಸೋಮವಾರ ಹಳೇ ಚಾಳಿ ಶುರು ಮಾಡಬಹುದು’ ಎಂಬ ಕುಹಕ ಆಗಾಗ ಕೇಳಿಬರುತ್ತದೆ. ಅದಕ್ಕೆ ಆಸ್ಪದ ಕೊಟ್ಟವರು ವಿಶ್ವಾಸಿಗಳೇ ಎನ್ನುವುದೂ ಸುಳ್ಳಲ್ಲ. ಆದರೆ ಬೈಬಲ್ ಹೇಳುವ ಪಾಪವಿಮೋಚನೆ ಅಷ್ಟು ಅಗ್ಗದ್ದಲ್ಲ.

ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನನ್ನೇ ನೋಡಿ. ಯೆರಿಕೋ ಊರಿನ ಸುಂಕ ವಸೂಲಿಗಾರರ ಮುಖ್ಯಸ್ಥ. ಅವನು ಒಂದು ಕಾಸನ್ನೂ ಹಿಂದಿರುಗಿಸುವ ಮೊದಲೇ ಯೇಸು ಅವನ ಮನೆಗೆ ಹೊರಟರು. ಕೃಪೆ ಮೊದಲು. ಆಮೇಲೆ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ತಾನಾಗಿ ಒಪ್ಪಿಕೊಂಡವನು ಅಸಲಿನ ಮೇಲೆ ಐದರಲ್ಲೊಂದು ಭಾಗ ಸೇರಿಸಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ (ಅರಣ್ಯಕಾಂಡ 5:7). ಅಂದರೆ ನೂರು ನುಂಗಿದವನು ನೂರಿಪ್ಪತ್ತು ಕಕ್ಕಬೇಕು. ಜಕ್ಕಾಯ ನಾನೂರಕ್ಕೆ ಒಪ್ಪಿದ. ಹಣ ಕೊಟ್ಟು ಕ್ಷಮೆ ಕೊಂಡನೆಂದು ಮಾತ್ರ ಇದನ್ನು ಓದಬಾರದು. 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ತಕರಾರು ತೆಗೆದದ್ದು ಹಣಕ್ಕೆ ಕ್ಷಮಾಪತ್ರ ಮಾರುವ ಅಂಥ ವ್ಯಾಪಾರದ ಮೇಲೆಯೇ.

ಪಾಪನಿವೇದನೆ, ಅಂದರೆ ತಪ್ಪೊಪ್ಪಿಗೆ, ಹಳಿ ತಪ್ಪುವುದು ಹೆಚ್ಚಾಗಿ ಮೋಘಮ್ಮಾಗಿ ಮಾತಾಡುವುದರಿಂದ. ‘ನಾನು ಪಾಪಿ, ಕ್ಷಮಿಸು’ ಎಂದಷ್ಟೇ ಹೇಳಿದರೆ ಮನಸ್ಸು ಹಗುರವಾಗುತ್ತದೆ, ಚಾಳಿ ಹಾಗೇ ಉಳಿಯುತ್ತದೆ. ಯಾರಿಗೆ, ಏನು, ಎಷ್ಟು ಸಲ ಎಂದು ಬಿಡಿಸಿ ಹೇಳಬೇಕು. ಕ್ಯಾಥೊಲಿಕ್ ಸಭೆಯಂತೂ ಗಂಭೀರ ಪಾಪಗಳ ಬಗೆಯನ್ನೂ ಸಂಖ್ಯೆಯನ್ನೂ ಹೇಳಬೇಕೆನ್ನುತ್ತದೆ. ‘ಅವನು ಕೆಣಕಿದ್ದಕ್ಕೆ ಹಾಗಾಯಿತು’ ಎಂಬ ಬಾಲ ಸೇರಿತೋ, ನಿವೇದನೆ ಹೋಗಿ ಚಾಡಿಯಾಗುತ್ತದೆ. ಪ್ರೊಟೆಸ್ಟಂಟರು ನೇರವಾಗಿ ದೇವರಿಗೇ ಅರಿಕೆ ಮಾಡುತ್ತಾರೆ, ಸರಿ. ಆದರೂ ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎಂಬ ಯಾಕೋಬನ ಪತ್ರದ ಮಾತು (5:16) ಅವರ ಬೈಬಲಿನಲ್ಲೂ ಇದೆ. ಗುಟ್ಟು ಕಾಯುವ ಒಬ್ಬರು ಸಾಕು. ಸಭೆಯ ಮುಂದೆ ಮೈಕ್ ಹಿಡಿದು ಎಲ್ಲ ಬಿಚ್ಚಿಟ್ಟರೆ ಅನ್ಯಾಯಕ್ಕೊಳಗಾದವರ ಮಾನವೂ ಹರಾಜಾಗುತ್ತದೆ.

ಬಿಟ್ಟ ಚಟದ ಜಾಗ ಖಾಲಿ ಉಳಿಯಬಾರದು. ಕಳ್ಳ ಇನ್ನು ಕದಿಯದಿರಲಿ, ಕೈಯಾರೆ ದುಡಿಯಲಿ, ಇಲ್ಲದವರಿಗೆ ಕೊಡಲಿ ಎಂದು ಅಪೊಸ್ತಲ ಪೌಲ ಎಫೆಸ ಊರಿನ ವಿಶ್ವಾಸಿಗಳಿಗೆ ಬರೆದ (ಎಫೆಸ 4:28). ಹೆಚ್ಚಿನವರು ಮೊದಲನೆಯದಕ್ಕೇ ನಿಂತುಬಿಡುತ್ತಾರೆ. ಕೆಲವೇ ವಾರಗಳಲ್ಲಿ ಹಳೆಯದು ಮರಳುತ್ತದೆ.

ಮತ್ತೆ ಬಿದ್ದರೆ? ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದ ಪಾಪ ಒಪ್ಪಿಕೊಂಡ, ಪಡೆದ 30 ಬೆಳ್ಳಿ ನಾಣ್ಯಗಳನ್ನೂ ಹಿಂದಿರುಗಿಸಿದ. ಆದರೆ ಯೇಸುವಿನ ಬಳಿಗೆ ಬರಲಿಲ್ಲ, ಹತಾಶನಾಗಿ ಪ್ರಾಣ ಕಳೆದುಕೊಂಡ. ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರ ಅತ್ತು, ಮರಳಿ ಬಂದ. ವಿಶ್ವಾಸ ಎನ್ನುವುದು ಈ ಮರಳಿ ಬರುವುದಕ್ಕೇ.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಷಗಟ್ಟಲೆ ವಿಪರೀತ ಕುಡಿದವರು ದಿಢೀರನೆ ಬಿಟ್ಟರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಔಷಧ ತೆಗೆದುಕೊಂಡರೆ ವಿಶ್ವಾಸ ಸಾಲದೆಂದು ಅರ್ಥ ಎನ್ನುವ ಬೋಧಕರ ಮಾತಿಗೆ ಕಿವಿಗೊಡಬಾರದು.

– ಓರ್ವ ಓದುಗ