ಎತ್ತು ಮಾರಬ್ಯಾಡ್ರಿ

ಝುವಾರಿನಗರ, ಗೋವಾ
16-5-2020

ತೀರ್ಥರೂಪ ಅಪ್ಪಾಗ ಮಲ್ಲಪ್ಪ ಮಾಡುವ ನಮಸ್ಕಾರಗಳು. ನಾ ಇಲ್ಲಿ ಆರಾಮ, ನಿಮ್ಮ ಕ್ಷೇಮ ತಿಳಸ್ರಿ. ಅವ್ವಾಗ, ಕಾಕಾಗ, ಸಾವಕ್ಕಾಗ ನಮಸ್ಕಾರ ಹೇಳ್ರಿ.

ನಿಮ್ಮ ಪತ್ರ ಕಾಯಿಪಲ್ಲೆ ಗಾಡಿ ಡ್ರೈವರ್ ಕೈಯಿಂದ ಮುಟ್ಟಿತು. ಎತ್ತು ಮಾರಿ ನನಗ ರೊಕ್ಕ ಕಳಸ್ತೀನಿ ಅಂತ ಬರದೀರಿ. ಅಪ್ಪಾ, ಅದೊಂದು ಮಾಡಬ್ಯಾಡ್ರಿ. ರೋಹಿಣಿ ಮಳಿ ಬಂತಂದ್ರ ಹರಗೂದು, ಬಿತ್ತೂದು ಸುರು. ಕಾರಹುಣ್ಣಿಮಿ ಬೇರೆ ಬಾಗಿಲಿಗೆ ಬಂದೈತಿ. ಒಂಟಿ ಎತ್ತು ಕಟಗೊಂಡು ಜೋಡಿಗೆ ಯಾರ ಮನಿ ಬಾಗಿಲಿಗೆ ಹೋಗ್ತೀರಿ? ಕೊರೊನಾ ಲಾಕ್‌ಡೌನ್‌ದಾಗ ಸಂತಿ ಬಂದ್ ಆಗಿರೂವಾಗ ದಲ್ಲಾಳಿ ಹೇಳಿದ್ದೇ ರೇಟು, ಅರ್ಧಕ್ಕ ಕೇಳ್ತಾನ.

ಕಟ್ಟಡ ಕೆಲಸದವರಿಗೆ ಸರ್ಕಾರ 5000 ಕೊಡಾಕತ್ತೈತಿ, ನಿನಗ್ಯಾಕ ಬಂದಿಲ್ಲ ಅಂತ ಕೇಳೀರಿ. ಮೊದಲ 2000, ಈಗ ಮತ್ತ 3000, ಖರೇನ ಐತಿ. ಆದ್ರ ಅದು ಕರ್ನಾಟಕದ ಕಟ್ಟಡ ಕಾರ್ಮಿಕರ ಮಂಡಳಿಯೊಳಗ ಹೆಸರು ಇದ್ದವರಿಗೆ. ಆ ಕಾರ್ಡಿಗೆ ವರ್ಷದಾಗ 90 ದಿನ ಕೆಲಸ ಮಾಡಿದ್ದಕ್ಕ ಸಹಿ ಬೇಕು, ನನ್ನ ದುಡಿಮಿ ಎಲ್ಲಾ ಬಿದ್ದದ್ದು ಗೋವಾದಾಗ. ಇಲ್ಲಿ ಕೇಳಿದ್ರ ಇಲ್ಲಿಯ ಮಂಡಳಿ ಕಾರ್ಡ್ ತೋರಸಂತಾರ. ಪರರಾಜ್ಯದಿಂದ ಕೂಲಿಯವರನ್ನ ಕರತಂದ ಗುತ್ತಿಗಿದಾರ ಫೋಟೋ ಹಚ್ಚಿದ ಪಾಸ್‌ಬುಕ್ ಕೊಡಬೇಕಂತ 1979ರಾಗ ಕಾಯ್ದೆ ಮಾಡ್ಯಾರ. ನಮ್ಮ ಮುಕಾದಮ್ ಪಾಸ್‌ಬುಕ್ ಇರಲಿ, ಒಂದು ಬೀಡಿ ಕೊಟ್ಟಾಂವಲ್ಲ. ಮಾರ್ಚ್ ತಿಂಗಳ ಪಗಾರ ಇನ್ನೂ ಅವನ ಹಂತ್ಯಾಕ ಐತಿ. ಕರ್ನಾಟಕದಿಂದ ಅನಮೋಡ ಘಾಟ್ ಇಳದು ಗೋವಾಕ್ಕ ಬಂದ ಗೌಂಡಿ ಆ ಪಟ್ಟಿಯೊಳಗೂ ಇಲ್ಲ, ಈ ಪಟ್ಟಿಯೊಳಗೂ ಇಲ್ಲ.

ಇದನ್ನ ಕೇಳ್ರಿ. ನಮ್ಮ ಖೋಲಿ ಮಾಲಕೀಣ ಮಗ ಇಂಗ್ಲೆಂಡಿನ ಸ್ವಿಂಡನ್‌ದಾಗ ಗೋದಾಮಿನ ಕೆಲಸಕ್ಕ ಅದಾನ, ಅದೂ ಪೋರ್ಚುಗಲ್ ಪಾಸ್‌ಪೋರ್ಟ್ ಮ್ಯಾಲೆ. 1961ರ ತನಕ ಗೋವಾ ಪೋರ್ಚುಗೀಸರ ಕೈಯಾಗ ಇತ್ತಲ್ಲ, ಆಗ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳಿಗೂ ಅದು ಸಿಗ್ತೈತಿ. ಈಗ ಕೆಲಸ ಇಲ್ಲ, ಆದ್ರೂ ಪಗಾರದಾಗ 100ಕ್ಕ 80 ಅಲ್ಲಿಯ ಸರ್ಕಾರ ಕೊಡತೈತಿ, ತಿಂಗಳಿಗೆ 2500 ಪೌಂಡ್ ತನಕ. ಅಕ್ಟೋಬರ್ ತನಕ ಮುಂದುವರಸ್ತೀವಿ ಅಂತ ಈ ವಾರ ಹೇಳ್ಯಾರ. ನೀ ಯಾವ ದೇಶದಾಂವ ಅಂತ ಕೇಳಲಿಲ್ಲಂತ, ಮಾಲಕನ ಪಗಾರ ಪಟ್ಟಿಯೊಳಗ ಹೆಸರು ಐತಿಲ್ಲೋ ಅಷ್ಟ ನೋಡಿದ್ರಂತ. ಆ ಮಾಲಕೀಣ ಬಾಯಿ ದಿನಾ ಇದನ್ನ ಹೆಮ್ಮಿಲೇ ಹೇಳಕೋತ ನಿಂತು ಬಾಡಗಿ ಕೇಳೂದ ಮರೀತಾಳ. ನಮಗ ಅದರೊಳಗ ಬಂದ ಲಾಭ ಅಷ್ಟು.

ಊಟಕ್ಕ ಏನೇನೂ ತ್ರಾಸಿಲ್ಲ. ಮಧ್ಯಾಹ್ನ ಅನ್ನ ಸಾರು ಹಂಚಾಕ ಬರ್ತಾರ, ರಾತ್ರಿ ಪಾವ್ ಇರ್ತಾವು. ಪಾವ್ ಮಾರಾಂವ ಸೈಕಲ್ ಮ್ಯಾಲೆ ಪೊಂ ಪೊಂ ಅನಸ್ಕೋತ ಬರ್ತಾನ. ಇಲ್ಲಿ ಮಂದಿ ಬ್ಯಾನಿಗೆ ಅಂಜಿದ್ದಕ್ಕಿಂತ ಮೀನ ಸಿಗವಲ್ದು ಅಂತ ಚಿಂತಿ ಮಾಡಿದ್ದ ಹೆಚ್ಚು. ಬ್ಯಾನಿ ಸುದ್ದಿ ಕೇಳಿ ಅವ್ವ ಗಾಬರಿ ಆಗೋದು ಬ್ಯಾಡ. ಮೊದಲ ಇಡೀ ಗೋವಾದಾಗ ಬಂದದ್ದು 7 ಮಂದಿಗೆ, ಏಪ್ರಿಲ್‌ದಾಗ ಎಲ್ಲಾರೂ ಆರಾಮ ಆದ್ರು. ಈ ವಾರ ಹೊರಗಿಂದ ಬಂದವರಿಗೆ ಸಿಕ್ಕೈತಿ, ಅವರು ಮಡಗಾಂವ್ ದವಾಖಾನಿಯೊಳಗ, ನಮ್ಮಿಂದ ದೂರ. ನಾನಂತೂ ದಪ್ಪ ಆಗೀನಿ, ಅಂಗಿ ಬಿಗಿ ಆಗ್ಯಾವು.

ಜನವರಿಯಿಂದ ನಮ್ಮ ರೇಷನ್ ಕಾರ್ಡ್ ಗೋವಾದಾಗೂ ನಡೀತೈತಂತ. ನಾ ಇಲ್ಲಿ ಹೆಬ್ಬೆಟ್ಟು ಒತ್ತಿದ್ರ ನಿಮ್ಮ ಪಾಲಿನಾಗ ಕಡಿಮಿ ಬೀಳ್ತೈತಿ, ಅದಕ್ಕ ಒತ್ತಿಲ್ಲ. ನನ್ನ ಪಾಲಿನ ಅಕ್ಕಿ ನೀವ ತಗೋರಿ. ಕಾರ್ಡ್ ಇಲ್ಲದ ವಲಸಿಯವರಿಗೆ 5 ಕಿಲೋ ಧಾನ್ಯ, ಮನಿಗೆ 1 ಕಿಲೋ ಕಡ್ಲಿ ಅಂತ ಗುರುವಾರ ದಿಲ್ಲಿಯೊಳಗ ಹೇಳ್ಯಾರ, ಬಂದ್ರ ನೋಡೋಣು.

ಅವ್ವನ ಜನಧನ ಖಾತೆದಾಗ 500 ಜಮಾ ಆಗಿರ್ತೈತಿ. ತಗೀದಿದ್ರ ವಾಪಸ್ ಹೋಗ್ತೈತಿ ಅನ್ನೂದು ಸುಳ್ಳು, ಬಿಸಲಾಗ ಬ್ಯಾಂಕಿನ ಮುಂದ ಪಾಳಿ ಹಚ್ಚಸಬ್ಯಾಡ್ರಿ. ಪಿಎಂ ಕಿಸಾನ್ 2000 ಬಂದಿದ್ರ ಬೀಜಕ್ಕ ಇಡ್ರಿ, ನನಗ ಕಳಸಬ್ಯಾಡ್ರಿ.

ಊರಿಗೆ ಬರೂ ಪಾಸಿಗೆ ಕರ್ನಾಟಕ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ದಾಗ ಹೆಸರು ಹಾಕೀನಿ, ಪಾಸ್ ಬಂದ ಕೂಡ್ಲೇ ಹೊರಡ್ತೀನಿ. ಡ್ರೈವರ್ ಒದರಾಕತ್ತಾನ, ಉಳದದ್ದು ಫೋನಿನ್ಯಾಗ. ತಮ್ಮಗ ಓದು ಅನ್ರಿ, ಎಸ್ಸೆಸ್ಸೆಲ್ಸಿ ಪರೀಕ್ಷಿ ಇನ್ನೂ ಐತಿ.

ನಿಮ್ಮ ಮಗ
ಮಲ್ಲಪ್ಪ