ಆ ‘ಲಟಕ್’ ಯಾಕೆ ಅಳಿಸಿದಿ?

ಸಾಧನಕೇರಿ, ಧಾರವಾಡ

ತಂಗಿಗೆ ಆಶೀರ್ವಾದಗಳು.

ನೀನು ಬರೆಯುತ್ತಿರುವ ಕಾಮಿಕ್ಸಿನ ಸಂಚಿಕೆ ಇಟ್ಟು ಕಳಿಸಿದ ಲಕೋಟೆ ಬಂದು ಹನ್ನೆರಡು ದಿನವಾಯಿತು. ಓದಿ, ಸಿಟ್ಟು ಬಂದು, ಮೇಜಿನ ಖಣದಲ್ಲಿ ಹಾಕಿಟ್ಟಿದ್ದೆ. ನಿನ್ನೆ ಮತ್ತೆ ತೆಗೆದೆ. ಮೊದಲು ಒಂದು ಮಾತು: ನನ್ನನ್ನು ‘ಮಾನ್ಯ ಸರ್’ ಅನ್ನಬೇಡ. ಕಾಕಾ ಅಂದರೆ ಸಾಕು. ಸರ್ ಅಂದಕೂಡಲೇ ಮಾಸ್ತರಕಿ ಮಾಡಿದ ದಿನಗಳು ನೆನಪಾಗಿ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ.

ಪತ್ರದ ಕೊನೆಗೆ ಒಂಬತ್ತು ಪ್ರಶ್ನೆ ಕೇಳಿದ್ದೀ. ಒಂದು ಪುಟಕ್ಕೆ ಎಷ್ಟು ಚೌಕ ಇರಬೇಕು, ಚಿತ್ರ ತೆಗೆಯುವ ಗೆಳತಿ ನೌಕರಿಗೆ ಬೆಂಗಳೂರಿಗೆ ಹೋದಳು ಈಗೇನು ಮಾಡಲಿ, ಯಾರು ಅಚ್ಚು ಹಾಕುತ್ತಾರೆ. ಗದಗ-ಬೆಟಗೇರಿಯಲ್ಲಿ ಕೂತುಕೊಂಡು ಪ್ರಿಂಟಿಂಗ್ ಪ್ರೆಸ್ಸಿನ ದಾರಿ ಧಾರವಾಡದವನನ್ನು ಕೇಳುತ್ತೀಯಲ್ಲ! ಅವೆಲ್ಲ ಯಾರಾದರೂ ಹೇಳುತ್ತಾರೆ, ಬಿಡು. ನಿನ್ನ ಕತೆಯ ನಾಯಕ, ಬೆಟಗೇರಿ ನೇಕಾರರ ಹುಡುಗ, ಅವನ ಅಂಗೈಯಿಂದ ನೂಲು ಹೊರಡುವುದು ಎಲ್ಲಿಂದ ಕದ್ದದ್ದು ಅಂತ ಎಲ್ಲರಿಗೂ ತಿಳಿಯುತ್ತದೆ. ಅದನ್ನೂ ಬಿಡು. ಮಗ್ಗದ ಸಪ್ಪಳ ಕೇಳಿ ಬೆಳೆದವಳು ನೂಲು ಕದ್ದರೆ ಅದು ಪೂರಾ ಕಳವಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ನೀನು ಜೊತೆಗಿಟ್ಟ ಜೆರಾಕ್ಸ್. 1973ರ ಜೂನ್ ತಿಂಗಳಿನ ಅಮೆರಿಕದ ಕಾಮಿಕ್ಸ್ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’, 121ನೆಯ ಸಂಚಿಕೆ. ‘ಇದನ್ನು ಓದಿದ ಮೇಲೆ ನನಗೆ ಬರೆಯಲು ಧೈರ್ಯವೇ ಬರುತ್ತಿಲ್ಲ’ ಅಂತ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದ್ದೀ. ನಮ್ಮ ಕಾಲಕ್ಕೆ ಕನ್ನಡದಲ್ಲಿ ಇಂದ್ರಜಾಲ ಕಾಮಿಕ್ಸ್ ಬರುತ್ತಿತ್ತು. ಫ್ಯಾಂಟಮ್ ಬಂದನೆಂದರೆ ಎಲ್ಲರೂ ಬಚಾವು ಅಂತಲೇ ನಂಬಿ ಬೆಳೆದವರು ನಾವು. ಹಾಗಾಗಿ ಎಪ್ಪತ್ತು ದಾಟಿದ ನಾನು, ಚಹಾ ಆರಿ ಹೋದದ್ದೂ ಗೊತ್ತಾಗದೆ ಆ ಸೇತುವೆಯ ಪುಟಗಳನ್ನು ನಾಲ್ಕು ಸಲ ತಿರುವಿದೆ.

ಖಳನಾಯಕ ಗ್ರೀನ್ ಗಾಬ್ಲಿನ್ ನಾಯಕನ ಪ್ರೇಯಸಿ ಗ್ವೆನ್‌ಳನ್ನು ಸೇತುವೆಯ ಮೇಲಿಂದ ಕೆಡವುತ್ತಾನೆ. ನಾಯಕ ಬಲೆ ಎಸೆಯುತ್ತಾನೆ. ಬಲೆ ಕಾಲಿಗೆ ಸಿಗುತ್ತದೆ. ಉಳಿಸಿದೆ ಅಂತ ಹಿಗ್ಗಿ ಮೇಲಕ್ಕೆಳೆಯುತ್ತಾನೆ. ಆದರೆ ಅವಳ ಕುತ್ತಿಗೆಯ ಪಕ್ಕದಲ್ಲಿ ಬಹಳ ಸಣ್ಣ ಅಕ್ಷರದಲ್ಲಿ ಒಂದು ಸಪ್ಪಳ ಬರೆದಿದೆ. ನೀನು ಅದನ್ನು ‘ಲಟಕ್’ ಅಂತ ಕನ್ನಡಿಸಿದ್ದೀ. ಭೇಷ್. ಇಡೀ ಲಕೋಟೆಯಲ್ಲಿ ನಿನ್ನ ಅತ್ಯುತ್ತಮ ಶಬ್ದ ಅದು.

ನಮ್ಮ ಹಳ್ಳಿಯ ಬಾವಿಯಲ್ಲಿ ಈ ಸಪ್ಪಳ ನಾನು ಕೇಳಿದ್ದೇನೆ. ಮಣ್ಣಿನ ಕೊಡದ ಕಂಠಕ್ಕೆ ಕುಣಿಕೆ ಹಾಕಿ ಇಳಿಬಿಡುವಾಗ ಹಗ್ಗ ಕೈಜಾರುತ್ತದೆ, ರಾಟಿ ಗಿರಗಿರ ತಿರುಗುತ್ತದೆ, ಹೆದರಿದ ಹುಡುಗ ಗಬಕ್ಕನೆ ಹಗ್ಗ ಹಿಡಿದುಬಿಡುತ್ತಾನೆ. ಕಂಠ ಹಗ್ಗದಲ್ಲೇ ಉಳಿಯುತ್ತದೆ, ಕೊಡ ನೀರಿಗೆ. ಬಿಟ್ಟರೂ ಹೋಗುತ್ತಿತ್ತು, ಹಿಡಿದದ್ದಕ್ಕೇ ಹೋಯಿತು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಜೇಮ್ಸ್ ಕಕಾಲಿಯೋಸ್ ಈ ಬೀಳುವಿಕೆಯನ್ನೇ ಲೆಕ್ಕ ಹಾಕಿ ತೋರಿಸಿದ್ದಾರೆ: ಅಷ್ಟು ವೇಗದಲ್ಲಿ ಬೀಳುವ ದೇಹವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಿಸಿದರೆ ಕುತ್ತಿಗೆ ತಡೆಯುವುದಿಲ್ಲ. ನಮ್ಮವ್ವನಿಗೆ ಲೆಕ್ಕ ಬರುತ್ತಿರಲಿಲ್ಲ. ‘ಹಗ್ಗ ಮೆತ್ತಗ ಹಿಡೀಬೇಕೋ, ಕೊಡಗೇಡಿ’ ಅಂತ ಬೆನ್ನಿಗೊಂದು ಕೊಡುತ್ತಿದ್ದಳು.

ಗಾಬ್ಲಿನ್ ಏನೋ, ಅಷ್ಟೆತ್ತರದಿಂದ ಬಿದ್ದವರು ನೆಲ ಮುಟ್ಟುವ ಮೊದಲೇ ಸತ್ತಿರುತ್ತಾರೆ ಅನ್ನುತ್ತಾನೆ. ನಾಯಕನಿಗೆ ತಪ್ಪಿಸಿಕೊಳ್ಳಲು ಅದೊಂದು ಕಿಂಡಿ. ಓದುಗರು ಬಿಡಲಿಲ್ಲ, ಪತ್ರ ಬರೆದು ಕೇಳಿದರು. 125ನೆಯ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ ಉತ್ತರ ಬಂತು: ಬಲೆ ಜಗ್ಗಿ ನಿಲ್ಲಿಸಿದ್ದೇ ಸಾವಿಗೆ ಕಾರಣ. ಆ ಉತ್ತರ ಬೇಕಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಸಣ್ಣ ಅಕ್ಷರ ಎಲ್ಲವನ್ನೂ ಹೇಳಿಯಾಗಿತ್ತು.

ಇನ್ನೊಂದು, ನಿನಗೆ ಗೊತ್ತಿರಲಿಕ್ಕಿಲ್ಲ. ಇದನ್ನು ಬರೆದ ಜೆರ್ರಿ ಕಾನ್ವೇ ಹುಟ್ಟಿದ್ದು 1952ರಲ್ಲಿ. ಲೆಕ್ಕ ಹಾಕು. ಇಪ್ಪತ್ತು ವರ್ಷದ ಹುಡುಗ! ಮೊದಲು ಕೊಲ್ಲಬೇಕೆಂದಿದ್ದದ್ದು ನಾಯಕನನ್ನು ಸಾಕಿದ ಮುದುಕಿ ಮೇ ಅತ್ತೆಯನ್ನು. ಚಿತ್ರಕಾರ ಜಾನ್ ರೊಮಿಟಾ, ಅವಳಲ್ಲ, ಗ್ವೆನ್ ಹೋಗಬೇಕು ಅಂದರಂತೆ. ಮುದುಕಿ ಸತ್ತಿದ್ದರೆ ಓದುಗರು ಮೂಗು ಸೀಟಿ ಮುಂದಿನ ಸಂಚಿಕೆ ಕೊಳ್ಳುತ್ತಿದ್ದರು, ಅಷ್ಟೆ. (ಅಂದಹಾಗೆ ಈ ಸಂಚಿಕೆಯ ಪೆನ್ಸಿಲ್ ಚಿತ್ರಗಾರ ಗಿಲ್ ಕೇನ್ ತೆಗೆದದ್ದು ಬ್ರೂಕ್ಲಿನ್ ಸೇತುವೆ, ಮಾತಿನಲ್ಲಿ ಬರೆದದ್ದು ಜಾರ್ಜ್ ವಾಷಿಂಗ್ಟನ್ ಸೇತುವೆ. ನಿಮ್ಮ ಗದಗಿನ ಭೀಷ್ಮಕೆರೆಯ ಮೆಟ್ಟಿಲು ಎಷ್ಟು ಅಂತ ತಪ್ಪಾದೀತೆಂದು ನೀನು ಎರಡು ಪುಟ ಹೆದರಿದ್ದೀ. ಅಂಥ ತಪ್ಪಿಗೆ ಯಾವ ಕತೆಯೂ ಸಾಯುವುದಿಲ್ಲ.)

ಈಗ ನಿನ್ನ ಏಳನೆಯ ಸಂಚಿಕೆಗೆ ಬರೋಣ. ನೇಕಾರರ ಹುಡುಗನ ತಂಗಿ ಭೀಷ್ಮಕೆರೆಯ ಬಸವಣ್ಣನ ಮೂರ್ತಿಯ ಮೇಲಿಂದ ಬೀಳುತ್ತಾಳೆ. ಹುಡುಗ ನೂಲು ಎಸೆಯುತ್ತಾನೆ. ನೂಲು ಅವಳನ್ನು ಹಿಡಿಯುತ್ತದೆ. ನನ್ನ ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ ಹೇಳಲಿ. ಪುಟ ತಿರುವಿದರೆ ತಂಗಿ ದವಾಖಾನೆಯ ಕಾಟಿನ ಮೇಲೆ ಕೂತು ಗಿರ್ಮಿಟ್ ತಿನ್ನುತ್ತಿದ್ದಾಳೆ!

ಅಲ್ಲಿಯೇ ಖಣದೊಳಗೆ ಹಾಕಿದ್ದು.

ಕೊನೆಗೆ ನಿನ್ನ ಪತ್ರದಲ್ಲಿ ಆ ಸಾಲು ಕಂಡಿತು. ಮೊದಲ ಪ್ರತಿಯಲ್ಲಿ ತಂಗಿ ಸತ್ತಿದ್ದಳು. ವಾಟ್ಸಾಪಿನಲ್ಲಿ ಹಾಕಿದಾಗ ಕ್ಲಾಸಿನ ಹುಡುಗಿಯರು ಅತ್ತರು, ‘ಏ, ಬದುಕಿಸs’ ಅಂದರು, ನೀನು ಬದುಕಿಸಿದಿ. ಬದುಕಿಸಿದ ಮೇಲೆ ಎಲ್ಲರೂ ಹಾರ್ಟ್ ಕಳಿಸಿದರು. ಆ ಹಾರ್ಟುಗಳನ್ನು ಎಣಿಸಿ ನನಗೂ ಬರೆದಿದ್ದೀ: ನಲವತ್ತೊಂದು.

ತಂಗೀ, ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಬರಲು ಕಾರಣ ನೀನಲ್ಲ.

ನಲವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಅದರಲ್ಲಿ ಒಬ್ಬ ಅಪ್ಪ, ಮಳೆಗಾಲದಲ್ಲಿ ಬೆಣ್ಣೆಹಳ್ಳದ ದಂಡೆಗೆ ನಿಂತು, ‘ಮೊಣಕಾಲ ಮಟ ಐತಿ, ದಾಟೋ’ ಅಂತ ಮಗನನ್ನು ಮುಂದೆ ಕಳಿಸುತ್ತಾನೆ. ಹುಡುಗ ಕೊಚ್ಚಿಕೊಂಡು ಹೋಗಿಬಿಡುತ್ತಾನೆ. ಆ ಅಧ್ಯಾಯ ಬರೆದ ರಾತ್ರಿ ನಾನು ಬರಹಗಾರನಾದೆ ಅನಿಸಿತ್ತು. ಮೂರನೆಯ ವಾರಕ್ಕೆ ಕಾರ್ಡುಗಳು ಬಂದವು, ಚೀಲಗಟ್ಟಲೆ. ಸಂಪಾದಕರು ಟ್ರಂಕ್ ಕಾಲ್ ಮಾಡಿ, ‘ಹುಡುಗ ಎಲ್ಲಾದರೂ ತೇಲಿ ಸಿಗಲಿ, ಇನ್ನೊಂದು ಹತ್ತು ಕಂತು ಎಳೆಯೋಣ’ ಅಂದರು. ಕಂತಿನ ಲೆಕ್ಕದಲ್ಲಿ ಮನಿಆರ್ಡರ್ ಬರುತ್ತಿತ್ತು, ಮನೆಯಲ್ಲಿ ಬಾಣಂತಿ ಇದ್ದಳು. ಹುಡುಗನನ್ನು ಕೆಳದಂಡೆಯ ಒಂದು ಊರಿನಲ್ಲಿ ಕುರುಬರ ಕೈಗೆ ಸಿಗಿಸಿದೆ. ಎಲ್ಲರೂ ಹೊಗಳಿದರು. ಸತ್ಕಾರ ಮಾಡಿ ಶಾಲು ಹೊದಿಸಿದರು, ಆ ಶಾಲು ಈಗಲೂ ಇದೆ.

ಮರುವರ್ಷ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನವಲಗುಂದದ ಕಡೆಯ ಒಬ್ಬ ಮನುಷ್ಯ ನನ್ನ ಗುರುತು ಹಿಡಿದು ಹತ್ತಿರ ಬಂದ. ಅವನಿಗೆ ಓದಲು ಬರುತ್ತಿರಲಿಲ್ಲ, ಯಾರೋ ಓದಿ ಹೇಳಿದ್ದರು. ಕೈಮುಗಿದು ಒಂದೇ ಮಾತು ಕೇಳಿದ: ‘ಸಾಹೇಬ್ರ, ಆ ಹುಡುಗ ಸಿಕ್ಕಾನಲ್ರೀ, ಅದು ಯಾವ ಊರ್ರೀ? ನಮ್ಮ ಹುಡುಗನ್ನ ಆ ಕಡೆ ಹುಡುಕಿಲ್ರೀ ನಾವು.’

ನಾನು ಊರಿನ ಹೆಸರು ಹೇಳಲಿಲ್ಲ. ಅಂಥ ಊರೇ ಇರಲಿಲ್ಲ. ಬಸ್ಸು ಬಂತು ಅಂತ ಹತ್ತಿಬಿಟ್ಟೆ. ಅದು ನನ್ನ ಬಸ್ಸೂ ಅಲ್ಲ, ಕುಂದಗೋಳಕ್ಕೆ ಹೋಗುವುದು.

ಕಾನ್ವೇಗೂ ಹೀಗೇ ಆಯಿತು. ಓದುಗರು ಹಿಡಿದು ಬೈದರು. ಪ್ರಕಾಶಕರಾಗಿದ್ದ ಸ್ಟ್ಯಾನ್ ಲೀ, ಗ್ವೆನ್ ಅನ್ನು ಹೇಗಾದರೂ ತಿರುಗಿ ತಾ ಅಂದರು. 1975ರಲ್ಲಿ ಅವಳದೇ ರೂಪದ ಒಬ್ಬಳನ್ನು, ಪ್ರಯೋಗಾಲಯದಲ್ಲಿ ಬೆಳೆಸಿದ ತದ್ರೂಪಿಯನ್ನು, ಅದೇ ಹುಡುಗ ತರಬೇಕಾಯಿತು. ಆದರೆ ಅವನು ನನಗಿಂತ ಜಾಣ: ಅವಳು ಗ್ವೆನ್ ಅಲ್ಲ ಅಂತ ಕತೆಯೊಳಗೇ ಒಪ್ಪಿಕೊಂಡ, ಕಡೆಗೆ ಅವಳನ್ನು ಊರುಬಿಟ್ಟು ಹೋಗಗೊಟ್ಟ. ಸೇತುವೆಯಿಂದ ಬಿದ್ದವಳು ಬಿದ್ದೇ ಇದ್ದಳು.

122ನೆಯ ಸಂಚಿಕೆಯ ಕೊನೆಯ ಪುಟ ನೋಡಿದ್ದೀಯೋ ಇಲ್ಲವೋ. ದುಃಖದಲ್ಲಿರುವ ನಾಯಕ ಗೆಳತಿ ಮೇರಿ ಜೇನ್‌ಳನ್ನು ಹೊರಗೆ ಹೋಗು ಅಂತ ಕೆಟ್ಟದಾಗಿ ಬೈಯುತ್ತಾನೆ. ಅವಳು ಬಾಗಿಲ ತನಕ ಹೋಗಿ, ನಿಂತು, ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಾಳೆ. ‘ಕ್ಲಿಕ್’. ಅಲ್ಲೂ ಅಷ್ಟೇ ಸಣ್ಣ ಸಪ್ಪಳ. ಮೊದಲಿನ ಲಟಕ್ ಅಳಿಸಿದ್ದರೆ ಈ ಬಾಗಿಲು ಯಾರ ಮನೆಯದಾದರೇನು!

ನಿನ್ನ ನೇಕಾರರ ಹುಡುಗ ಏಳು ಸಂಚಿಕೆಯಲ್ಲಿ ಒಂದು ಸಲವೂ ತಪ್ಪಿಲ್ಲ. ಬಡ್ಡಿ ಸಾಹುಕಾರನದು ತಪ್ಪು, ಪೊಲೀಸರದು ತಪ್ಪು, ಮಳೆಯದೂ ತಪ್ಪು. ಅವನ ಸ್ವಂತ ಕೈಯ ನೂಲು, ಪ್ರೀತಿಯಿಂದ ಎಸೆದದ್ದು, ತಂಗಿಯನ್ನು ಕೊಂದಿತು ಅಂತ ನೀನು ಒಮ್ಮೆ ಬರೆದಿದ್ದೀ. ಇಪ್ಪತ್ತೊಂದು ವರ್ಷಕ್ಕೆ. ಯಾರೂ ಹೇಳಿಕೊಡದೆ. ಅದನ್ನು ನಲವತ್ತೊಂದು ಹಾರ್ಟಿಗೆ ಮಾರಿದಿ.

ಮೊದಲಿನ ಪ್ರತಿ ಫೋನಿನಿಂದ ಅಳಿಸಿದೆ ಅಂದಿದ್ದೀ, ಆದರೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನದು ಇದ್ದೇ ಇರುತ್ತದೆ, ನಿನ್ನಂಥವರು ಬಿಸಾಕುವುದಿಲ್ಲ. ಅದನ್ನು ಸ್ಪೀಡ್ ಪೋಸ್ಟ್ ಮಾಡು, ಜೆರಾಕ್ಸ್ ಇಟ್ಟುಕೊಂಡು. ಗಿರ್ಮಿಟ್ಟಿನ ಪ್ರತಿ ನನ್ನ ಹತ್ತಿರವೇ ಇರಲಿ. ಹಿಂದಿನ ಬದಿ ಖಾಲಿ ಇದೆ, ಕಿರಾಣಿ ಯಾದಿ ಬರೆಯಲು ಬರುತ್ತದೆ.

ಅವ್ವ-ಅಪ್ಪಗೆ ನಮಸ್ಕಾರ ತಿಳಿಸು.

ನಿನ್ನ ಕಾಕಾ