ಒಂಬತ್ತು, ಹತ್ತನೇ ಕ್ಲಾಸ್ ಮಕ್ಕಳ ಪೋಷಕರಿಗೆ: ಕಾಲೇಜ್ ಅರ್ಜಿಯ ಕಾಗದಪತ್ರ ಈಗಲೇ ರೆಡಿ ಮಾಡ್ಕೊಳ್ಳಿ

ಎಲ್ಲ ಪೋಷಕರಿಗೂ ನಮಸ್ಕಾರ.

ಪರೀಕ್ಷೆ ಬಗ್ಗೆ ಮೀಟಿಂಗಲ್ಲಿ ಸಾಕಷ್ಟು ಮಾತಾಡಿದ್ದೀವಿ, ಇವತ್ತು ಬರೀತಿರೋದು ಕಾಗದಪತ್ರದ ವಿಷಯ. ಸೆಕೆಂಡ್ ಪಿಯುಸಿ ಮಕ್ಕಳು ಸಿಇಟಿಗೆ (ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರೋ ಪ್ರವೇಶ ಪರೀಕ್ಷೆಗೆ) ಓದ್ತಾ ಕೂರಬೇಕಾದ ಹೊತ್ತಲ್ಲಿ ನಮ್ಮ ಹಳೇ ವಿದ್ಯಾರ್ಥಿಗಳು ಸ್ಟಡಿ ಸರ್ಟಿಫಿಕೇಟ್ ಹಿಡ್ಕೊಂಡು ಸ್ಕೂಲು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ನಾಡಕಚೇರಿ ಅಂತ ಬಿಸಿಲಲ್ಲಿ ಅಲೀತಿರ್ತಾರೆ, ನೋಡೋಕೆ ಸಂಕಟ ಆಗುತ್ತೆ. ಅದರಲ್ಲಿ ಮುಕ್ಕಾಲು ಕೆಲಸ ಹೈಸ್ಕೂಲಲ್ಲಿ ಇರೋವಾಗ್ಲೇ ಮುಗಿಸ್ಬಹುದು.

ಎಲ್ಲಕ್ಕಿಂತ ಮೊದಲು ಹೆಸರು. ಆಧಾರ್‌ನಲ್ಲಿ ಬರೀ ಇನಿಶಿಯಲ್, ನಮ್ಮ ಅಡ್ಮಿಷನ್ ರಿಜಿಸ್ಟರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಸ್ಪೆಲ್ಲಿಂಗ್, ಹಿಂಗಿದ್ರೆ ಅರ್ಜಿ ಹಾಕೋವಾಗ ತೊಂದರೆ ತಪ್ಪಲ್ಲ. ಮುಂದೆ ಎಲ್ಲದಕ್ಕೂ ಆಧಾರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಹುಟ್ಟಿದ ದಿನಾಂಕಕ್ಕೂ ಅದೇ ದಾಖಲೆ. ಅದಕ್ಕೇ ಪರೀಕ್ಷೆಗೆ ಮುಂಚೆ ನಾವು ಪರೀಕ್ಷಾ ಮಂಡಳಿಗೆ ವಿವರ ಕಳಿಸೋವಾಗ ಮಗು, ಅಪ್ಪ, ಅಮ್ಮ ಮೂವರ ಹೆಸರನ್ನೂ ಒಂದೊಂದು ಅಕ್ಷರ ಓದಿ ನೋಡಿ ಸೈನ್ ಮಾಡಿ, ಇಂಗ್ಲಿಷ್ ಓದೋಕೆ ಬರದಿದ್ರೆ ಸಂಕೋಚ ಪಟ್ಕೋಬೇಡಿ, ಮಗು ಕೈಲಿ ಜೋರಾಗಿ ಓದಿಸಿ ಕೇಳಿ. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆದ್ಮೇಲೆ ತಿದ್ದಿಸೋದು ದೊಡ್ಡ ಅಲೆದಾಟ.

ಇನ್ನು ಕೋಟಾ ವಿಷಯ. ಇದನ್ನ ನಮ್ಮೂರಿನ ಪ್ರತಿ ಮನೇಲೂ ತಿಳ್ಕೊಂಡಿರ್ಬೇಕು ಅನ್ನೋದು ನನ್ನಾಸೆ. ಸಿಇಟಿ ಸೀಟಲ್ಲಿ ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಮೊದಲನೇದಕ್ಕೆ ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಅಷ್ಟೂ ವರ್ಷ ಹಳ್ಳಿ ಸ್ಕೂಲಲ್ಲೇ ಓದಿರ್ಬೇಕು, ಇನ್ನೊಂದಕ್ಕೆ ಅಷ್ಟೂ ವರ್ಷ ಕನ್ನಡ ಮೀಡಿಯಂನಲ್ಲೇ ಓದಿರ್ಬೇಕು. ಮಧ್ಯದಲ್ಲಿ ಒಂದು ವರ್ಷ ಪೇಟೆ ಸ್ಕೂಲಿಗೋ ಇಂಗ್ಲಿಷ್ ಮೀಡಿಯಂಗೋ ಸೇರಿಸಿದ್ರೆ ಆ ಕೋಟಾ ಕೈತಪ್ಪುತ್ತೆ. ಒಂಬತ್ತನೇ ಕ್ಲಾಸಿಗೆ ಟಿಸಿ ತಗೊಂಡು ಟೌನಿಗೆ ಹೋಗೋಣ ಅಂತಿರೋರು ದಯವಿಟ್ಟು ಇದನ್ನ ಒಂದ್ಸಲ ಯೋಚನೆ ಮಾಡಿ, ಆಮೇಲೆ ನಿಮ್ಮಿಷ್ಟ. ಈ ಕೋಟಾಗೆ ಬೇಕಾಗೋ ವ್ಯಾಸಂಗ ಪ್ರಮಾಣಪತ್ರಕ್ಕೆ (ಸ್ಟಡಿ ಸರ್ಟಿಫಿಕೇಟ್‌ಗೆ) ಓದಿದ ಪ್ರತಿ ಸ್ಕೂಲಿನ ಹೆಡ್‌ಮಾಸ್ಟರ್ ಸೈನೂ ಬಿಇಒ ಮೇಲುಸಹಿಯೂ ಬೇಕು. ಅಜ್ಜಿ ಊರಲ್ಲಿ ಎರಡು ವರ್ಷ, ಆಮೇಲೆ ಪಕ್ಕದ ಊರಲ್ಲಿ, ಆಮೇಲೆ ನಮ್ಮಲ್ಲಿ ಅಂತ ಓದಿರೋ ಮಕ್ಕಳು ಬೇಕಾದಷ್ಟಿದ್ದಾರೆ, ಅವರು ಹತ್ತನೇದು ಮುಗಿದ ಬೇಸಿಗೇಲೇ ಈ ಸರ್ಟಿಫಿಕೇಟ್‌ಗಳನ್ನ ಕೂಡಿಸಿಟ್ಕೊಳ್ಳಿ. ಫಾರ್ಮ್ ಆ ವರ್ಷದ್ದೇ ಬೇಕು ಅಂದ್ರೂ ಕೈಲಿ ಹಳೇದೊಂದಿದ್ರೆ ಸೈನ್ ಹಾಕಿಸೋದು ಸಲೀಸು.

ಜಾತಿ, ಆದಾಯ ಪ್ರಮಾಣಪತ್ರ ಮಗು ಹೆಸರಲ್ಲೇ ಇರ್ಬೇಕು, ಅಪ್ಪನದು ನಡೆಯಲ್ಲ. ಅದರ ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್ ಇರುತ್ತೆ, ಅದನ್ನೇ ಸಿಇಟಿ ಅರ್ಜಿಯಲ್ಲಿ ಹಾಕೋದು. ಹಿಂದುಳಿದ ವರ್ಗಗಳಾದ 2ಎ, 2ಬಿ, 3ಎ, 3ಬಿ ಅವರ ಜಾತಿ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತೆ, ಆದಾಯದ್ದೂ ಅಷ್ಟೇ, ಹಾಗಾಗಿ ಆರನೇ ಕ್ಲಾಸಲ್ಲಿ ಮಾಡಿಸಿದ್ದು ಇದೆಯಲ್ಲ ಅಂತ ಸುಮ್ಮನಿರ್ಬೇಡಿ, ತಾರೀಕು ನೋಡಿ. ಕಲ್ಯಾಣ ಕರ್ನಾಟಕದಿಂದ ಕೆಲಸಕ್ಕೆ ಅಂತ ಈ ಕಡೆ ಬಂದಿರೋ ಕುಟುಂಬದವರು 371ಜೆ ಸರ್ಟಿಫಿಕೇಟನ್ನೂ (ಆ ಭಾಗದವರಿಗೆ ಇರೋ ಮೀಸಲಾತಿಗೆ ಬೇಕಾಗೋದು) ಮರೀಬೇಡಿ, ಅದು ನಿಮ್ಮ ಊರಿನ ಎಸಿ (ಉಪವಿಭಾಗಾಧಿಕಾರಿ) ಆಫೀಸಲ್ಲಿ ಸಿಗೋದು, ಹಬ್ಬಕ್ಕೆ ಊರಿಗೆ ಹೋದಾಗ ಅರ್ಜಿ ಕೊಟ್ಟು ಬನ್ನಿ.

ಸ್ಕಾಲರ್‌ಶಿಪ್ ದುಡ್ಡು ಆಧಾರ್ ಲಿಂಕ್ ಆಗಿರೋ ಖಾತೆಗೇ ಬರೋದು, ಮಗು ಹೆಸರಲ್ಲಿ ಖಾತೆ ಇಲ್ದಿದ್ರೆ ಬ್ಯಾಂಕಲ್ಲೋ ಪೋಸ್ಟಾಫೀಸಲ್ಲೋ ತೆಗೀಸಿ. ಮತ್ತೆ ಫೋನ್ ನಂಬರ್. ಅರ್ಜಿಗೆ ಸೈಬರ್ ಸೆಂಟರ್‌ನವರ ನಂಬರ್ ಕೊಡಲೇಬೇಡಿ, ಓಟಿಪಿ ಅವರಿಗೆ ಹೋಗುತ್ತೆ, ಸೀಟು ಸಿಕ್ಕಿದ ಮೇಲೆ ಚಾಯ್ಸ್ ಒತ್ತೋ ದಿನ ಅಂಗಡಿ ಬಾಗಿಲು ಹಾಕಿದ್ರೆ ಏನ್ ಮಾಡ್ತೀರಿ. ಮನೇಲಿ ಒಂದು ನಂಬರ್ ಗಟ್ಟಿ ಮಾಡಿ, ರೀಚಾರ್ಜ್ ತಪ್ಪಿಸ್ಬೇಡಿ, ಪಾಸ್‌ವರ್ಡನ್ನ ಮಗು ನೋಟ್‌ಬುಕ್ಕಲ್ಲಿ ಬರ್ಕೊಂಡಿರ್ಲಿ.

ಪಿಯುಗೆ ಸೈನ್ಸೇ ತಗೋಬೇಕು ಅಂತೇನಿಲ್ಲ. ಹತ್ತನೇದಾದ್ಮೇಲೆ ಡಿಪ್ಲೊಮಾ ಮಾಡಿದೋರು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರ್ಬಹುದು. ಕೈಕೆಲಸದಲ್ಲಿ ಆಸಕ್ತಿ ಇರೋ ಮಕ್ಕಳಿಗೆ ಅದು ಒಳ್ಳೇ ದಾರಿ ಅಂತ ನನಗನ್ಸುತ್ತೆ, ಮಗೂನ ಕೂರಿಸ್ಕೊಂಡು ಕೇಳಿ.

ಒಂದು ಪ್ಲಾಸ್ಟಿಕ್ ಫೈಲ್ ತಗೊಂಡು ಒರಿಜಿನಲ್ ಒಂದು ಕಡೆ, ಜೆರಾಕ್ಸ್ ಒಂದು ಕಡೆ ಇಡಿ. ಮುಂದಿನ ಶನಿವಾರ ಸ್ಕೂಲ್ ಬಿಟ್ಟ ಮೇಲೆ ನಾನೂ ಕ್ಲಾಸ್ ಟೀಚರ್‌ಗಳೂ ಇಲ್ಲೇ ಇರ್ತೀವಿ, ಇರೋದನ್ನೆಲ್ಲ ತನ್ನಿ, ಯಾವುದಿದೆ ಯಾವುದಿಲ್ಲ ಅಂತ ಕೂತು ನೋಡೋಣ. ಕೂಲಿ ಬಿಟ್ಟು ಬರೋಕಾಗದವರು ಫೈಲನ್ನ ಮಗು ಕೈಲಿ ಕಳಿಸಿ, ಆದ್ರೆ ಒರಿಜಿನಲ್ ಬೇಡ, ಜೆರಾಕ್ಸ್ ಮಾತ್ರ.

ಇಂತಿ ನಿಮ್ಮ
ಮುಖ್ಯ ಶಿಕ್ಷಕರು